ಶಿವನಿಗೂ ಜಟೆ ಇದೆಯಲ್ಲ, ನಾವು ಡ್ರೆಡ್‌ಲಾಕ್ಸ್ ಬಿಟ್ಟರೆ ತಪ್ಪೇನು?

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ಕಾಲೇಜು ಸೇರುವ ಹೊತ್ತಿಗೆ ನನ್ನನ್ನು ಕೇಳುವ ಪ್ರಶ್ನೆಯೊಂದಿದೆ: ಕರಿಯ ಜನರಂತೆ ನೆತ್ತಿಗೆ ಅಂಟಿದ ಸಾಲುಸಾಲು ಕಾರ್ನ್‌ರೋ ಹೆಣೆಸಿಕೊಂಡರೆ ಅಥವಾ ಜಟೆಯಂತೆ ಗಂಟುಗಟ್ಟಿದ ಡ್ರೆಡ್‌ಲಾಕ್ಸ್ ಬಿಟ್ಟರೆ ಅವರ ಸಂಸ್ಕೃತಿಯನ್ನು ಕದ್ದಂತಾಗುತ್ತದೆಯೇ? ಶಿವನಿಗೂ ಜಟೆ ಇದೆಯಲ್ಲ ಎಂಬ ಸಮರ್ಥನೆ ಅದರ ಬೆನ್ನಿಗೇ ಬರುತ್ತದೆ.

ಮಾಡಿಸಿಕೊಳ್ಳಬಹುದು ಎಂದೇ ನನ್ನ ಉತ್ತರ; ಆದರೆ ಅದೇ ಕೂದಲಿಗಾಗಿ ದಂಡ ತೆತ್ತವರು ಯಾರೆಂಬುದನ್ನು ಮೊದಲು ತಿಳಿದಿರಬೇಕು.

ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ 1981ರಲ್ಲಿ ತೀರ್ಪಿತ್ತ ಪ್ರಕರಣವೊಂದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಕೆಲಸದ ವೇಳೆ ಕಾರ್ನ್‌ರೋ ನಿಷೇಧಿಸಿದ್ದ ಅಮೆರಿಕನ್ ಏರ್‌ಲೈನ್ಸ್ ವಿರುದ್ಧ ಅಲ್ಲಿಯ ಕರಿಯ ಮಹಿಳಾ ಉದ್ಯೋಗಿಯೊಬ್ಬರು, ಇದು ತಮ್ಮ ಜನರ ಪರಂಪರೆಯೆಂದು ವಾದಿಸಿ ದಾವೆ ಹೂಡಿದ್ದರು. ಬಿಳಿಯ ನಟಿ ಬೋ ಡೆರೆಕ್ 1979ರ ಚಿತ್ರವೊಂದರಲ್ಲಿ ಈ ಹೆಣಿಗೆಯನ್ನು ಜನಪ್ರಿಯಗೊಳಿಸಿದ ಸ್ವಲ್ಪದರಲ್ಲೇ ಆ ಉದ್ಯೋಗಿ ಹಾಗೆ ಹೆಣೆದುಕೊಂಡು ಬಂದರೆಂಬ ಕಂಪನಿಯ ಮಾತನ್ನು ನ್ಯಾಯಾಲಯ ದಾಖಲಿಸಿ, ದಾವೆಯ ಈ ಭಾಗವನ್ನು ತಳ್ಳಿಹಾಕಿತು. ಕೆಲಸದ ವೇಳೆ ತುರುಬು ಕಟ್ಟಿ ಸುತ್ತ ಚೌರಿ ಸುತ್ತಿಕೊಳ್ಳಲಿ ಎಂಬುದು ಕಂಪನಿ ಕೊಟ್ಟಿದ್ದ ರಿಯಾಯಿತಿ! ಪರಂಪರೆಯವಳ ಹೆಣಿಗೆ ನಟಿಯ ನಕಲಾಗಿ ಕಾಣುವಂತಾದದ್ದೇ ಇಲ್ಲಿನ ನಿಜವಾದ ಕಳವು ಎಂದು ನನಗನಿಸುತ್ತದೆ. ಡ್ರೆಡ್‌ಲಾಕ್ಸ್ ಕತ್ತರಿಸಲು ಒಪ್ಪದೆ ಅಲಬಾಮದಲ್ಲಿ ಆಗಷ್ಟೇ ಸಿಕ್ಕಿದ್ದ ಕೆಲಸ ಕಳೆದುಕೊಂಡ ಕರಿಯ ಮಹಿಳೆಯ ಪರವಾದ ದಾವೆಯೂ 2016ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಇಂಥ ತಾರತಮ್ಯವನ್ನು ತಡೆಯುವ ಕ್ರೌನ್ ಕಾಯ್ದೆ ಕ್ಯಾಲಿಫೋರ್ನಿಯಾದಲ್ಲಿ ಅಂಗೀಕಾರವಾದದ್ದು 2019ರಲ್ಲಿ.

ಇನ್ನು ಶಿವನ ಮಾತು. ಜಮೈಕಾದ ರಾಸ್ತಫಾರಿ ಎಂಬ ಕರಿಯರ ಧಾರ್ಮಿಕ ಪಂಥದವರು ಬೈಬಲ್ಲಿನ ವ್ರತವೊಂದನ್ನು ನೆಚ್ಚಿ ಕೂದಲನ್ನು ಜಡೆಗಟ್ಟಲು ಬಿಟ್ಟವರು. 1963ರಲ್ಲಿ ಅಲ್ಲಿನ ಕೋರಲ್ ಗಾರ್ಡನ್ಸ್‌ನಲ್ಲಿ ಅವರ ಮೇಲೆ ನಡೆದ ಪೊಲೀಸ್ ದಮನದಲ್ಲಿ ಹಲವರ ಕೂದಲನ್ನು ಬಲವಂತವಾಗಿ ಕತ್ತರಿಸಲಾಯಿತು, ಅದಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2017ರಲ್ಲಿ. ಆ ಕಥೆಗೆ ಕೈಲಾಸದಿಂದ ಉತ್ತರ ತರುವುದು ನನಗೆ ಸರಿಕಾಣುವುದಿಲ್ಲ. ಜಟೆ ನಮ್ಮದೇ ಎನ್ನುವವರು ಸವದತ್ತಿಯ ಕಡೆಗೂ ನೋಡಬೇಕು: ಹುಡುಗಿಯ ಕೂದಲು ಜಡೆಗಟ್ಟಿದರೆ ಅದನ್ನು ಎಲ್ಲಮ್ಮನ ಕರೆಯೆಂದು ತಿಳಿದು ದೇವದಾಸಿಯಾಗಿ ಬಿಡುವ ರೂಢಿಯಿತ್ತು, ಅದನ್ನು ತಡೆಯಲು ಕರ್ನಾಟಕ 1982ರಲ್ಲಿ ಕಾಯ್ದೆ ತರಬೇಕಾಯಿತು. ನಮ್ಮ ಜಟೆಯೂ ಬರಿಯ ಅಲಂಕಾರವಾಗಿರಲಿಲ್ಲ.

ಆದ್ದರಿಂದ ನಾನು ಹೇಳುವುದಿಷ್ಟು. ಈ ಕಸುಬು ಬಲ್ಲ ಕರಿಯ ಮಹಿಳೆಯರ ಅಂಗಡಿಗೇ ಹೋಗಿ. ಗಂಟೆಗಟ್ಟಲೆ ನಿಂತು ಹೆಣೆಯುವ ಕೆಲಸಕ್ಕೆ ಅವರು ಹೇಳಿದ ಹಣವನ್ನು ಚೌಕಾಸಿ ಮಾಡದೆ ಕೊಡಿ. ನಿಮ್ಮ ಹೆಣಿಗೆಯನ್ನು ಹೊಗಳಿದ ಮೇಲಧಿಕಾರಿ ಕರಿಯ ಸಹೋದ್ಯೋಗಿಯ ಹೆಣಿಗೆಯನ್ನು ಶಿಸ್ತಿಲ್ಲದ್ದೆಂದರೆ ಅಲ್ಲೇ ಆಕ್ಷೇಪಿಸಿ. ಹ್ಯಾಲೋವೀನ್ ದಿನ ತಮಾಷೆಗೆಂದು ತಲೆಗೆ ಸಿಕ್ಕಿಸಿಕೊಳ್ಳುವ ಡ್ರೆಡ್‌ಲಾಕ್ಸ್ ವಿಗ್ಗಿಗೆ ಮಾತ್ರ, ಯಾರು ಎಷ್ಟೇ ವಾದಿಸಿದರೂ, ನನ್ನ ಒಪ್ಪಿಗೆಯಿಲ್ಲ.