ಸಂಜೆ ಡ್ಯೂಟಿಯಿಂದ ಹುಡುಗಿಯರನ್ನು ತೆಗೆದರೆ ಸುರಕ್ಷತೆ ಬಂತಾ?

ಮಡಿಕೇರಿಯ ಒಂದು ಹೋಟೆಲಿನಲ್ಲಿ ಫ್ರಂಟ್ ಆಫೀಸ್ ನೋಡಿಕೊಳ್ಳುತ್ತೇನೆ. ಡ್ಯೂಟಿ ಚಾರ್ಟ್ ಹಾಕುವುದೂ ನಾನೇ. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಆ ಚಾರ್ಟಿನದ್ದೇ.

ಮೊದಲು ಕೆಲಸ ಮಾಡುತ್ತಿದ್ದ ಕಡೆ ಕುಡಿದ ಗೆಸ್ಟ್ ಒಬ್ಬ ರಿಸೆಪ್ಷನ್ ಹುಡುಗಿಯ ಕೈ ಹಿಡಿದೆಳೆದ. ಮರುದಿನವೇ ಮ್ಯಾನೇಜರ್ ಹುಡುಗಿಯರನ್ನೆಲ್ಲ ಬೆಳಗಿನ ಶಿಫ್ಟಿಗೆ ಹಾಕಿದರು. "ನಿಮ್ಮ ಒಳ್ಳೆಯದಕ್ಕೇ ಕಣಮ್ಮಾ" ಅಂದರು. ಗೆಸ್ಟ್ ಮಾತ್ರ ಬುಕ್ ಮಾಡಿದಷ್ಟು ದಿನ ಆರಾಮಾಗಿ ಇದ್ದು ಹೋದ.

ನಮ್ಮ ಊರಿನ ಹೋಟೆಲುಗಳಲ್ಲಿ ನಿಜವಾದ ಕೆಲಸ ಶುರುವಾಗುವುದೇ ಸಂಜೆ. ಜನ ತಲಕಾವೇರಿ, ಅಬ್ಬಿ ನೋಡಿ, ರಾಜಾಸೀಟಿನಲ್ಲಿ ಸೂರ್ಯಾಸ್ತ ಮುಗಿಸಿ ಬರುತ್ತಾರೆ. ಜಗಳ, ಟಿಪ್ಸು, ಮಾಲೀಕರ ಕಣ್ಣಿಗೆ ಬೀಳುವ ಅವಕಾಶ, ಎಲ್ಲ ಆಗಲೇ. ಬೆಳಗಿನ ಹುಡುಗಿಯರು ಬಿಲ್ ಜೋಡಿಸುತ್ತಾ ಒಳಗೇ ಉಳಿದರು. ಸೂಪರ್‌ವೈಸರ್ ಹುದ್ದೆ ಅವರಿಗಿಂತ ಆಮೇಲೆ ಬಂದ ಹುಡುಗನಿಗೆ ಹೋಯಿತು. "ಅವನಿಗೆ ರಶ್ ನಿಭಾಯಿಸಿ ಗೊತ್ತು" ಅಂತ ಕಾರಣ. ಗೊತ್ತಾಗಲು ಇವರನ್ನು ಬಿಟ್ಟಿದ್ದರೆ ತಾನೇ!

ಇಲ್ಲಿಗೆ ಬಂದ ಮೇಲೆ ಚಾರ್ಟ್ ಹಾಕುವ ಮೊದಲು ಎಲ್ಲರನ್ನೂ ಕೇಳಿದೆ, ಮನೆ ಸೇರುವಷ್ಟರಲ್ಲಿ ಭಯ ಎಲ್ಲಿ ಅಂತ. ಜಾಸ್ತಿ ಜನ ಹೇಳಿದ್ದು ಬಸ್ ಇಳಿದ ಮೇಲಿನ ದಾರಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ನಿಜ. ಆದರೆ ಬಸ್ಸು ಮೇನ್ ರೋಡಿಗೆ ಬಿಟ್ಟು ಹೋಗುತ್ತದೆ. ಅಲ್ಲಿಂದ ತೋಟದ ದಾರಿ, ಮಳೆಗಾಲದ ಮಂಜು, ಮೊಬೈಲ್ ಟಾರ್ಚು. ಸಿದ್ದಾಪುರ ಕಡೆಯವಳು ನಕ್ಕು ಹೇಳಿದಳು: "ಅಕ್ಕಾ, ಕುಡುಕರಿಗಾದರೆ ಬೈಬಹುದು. ಆನೆಗೆ ಏನಂತ ಬೈಯೋದು?"

ಹೋಟೆಲಿನ ಜೀಪ್ ಸಂಜೆ ಸುಮ್ನೆ ನಿಂತಿರುತ್ತಿತ್ತು. ಸಂಜೆ ಶಿಫ್ಟಿನವರನ್ನು ಮನೆ ಗೇಟಿನವರೆಗೆ ಬಿಡಲಿ ಅಂದೆ. ಮಾಲೀಕರು ಡೀಸೆಲ್ ಲೆಕ್ಕ ತೆಗೆದರು. ಆಗ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯನ್ನು ಮುಂದಿಟ್ಟೆ. ಕೆಲಸದ ಜಾಗಕ್ಕೆ ಬರುವ ಹೊರಗಿನವರಿಂದಲೂ ಸಿಬ್ಬಂದಿಯನ್ನು ಕಾಪಾಡುವುದು ಮಾಲೀಕರ ಹೊಣೆ. ಅಂದರೆ ಗೆಸ್ಟ್ ಕೂಡ ಲೆಕ್ಕಕ್ಕೆ ಬರುತ್ತಾರೆ. ಮಾಲೀಕರು ಕೊಡುವ ಗಾಡಿಯೂ ಕೆಲಸದ ಜಾಗವೇ, ಹಾಗಾಗಿ ಡ್ರೈವರ್‌ಗೂ ಅದೇ ನಿಯಮ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, ಅದರ ಮುಖ್ಯಸ್ಥೆ ಹೆಣ್ಣೇ ಆಗಿರಬೇಕು. ಅದಕ್ಕಿಂತ ಸಣ್ಣ ಹೋಮ್‌ಸ್ಟೇಗಳಲ್ಲಿ ಕೆಲಸ ಮಾಡುವ ಹೆಂಗಸರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಇದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಜೀಪ್ ಬಂತು. ಕ್ಯಾಮೆರಾನೂ ಬಂತು. ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಒಂದು ಅಧಿಕಾರ. ಗೆಸ್ಟ್ ಕೆಟ್ಟದಾಗಿ ನಡೆದುಕೊಂಡರೆ, ಯಾರಿಗೂ ಫೋನ್ ಮಾಡದೆ, "ರೂಮ್ ಖಾಲಿ ಮಾಡಿ ಸಾರ್" ಅಂತ ರಿಸೆಪ್ಷನ್ ಹುಡುಗಿಯೇ ಹೇಳಬಹುದು. ಮಾಲೀಕರನ್ನು ಇದಕ್ಕೆ ಒಪ್ಪಿಸುವುದು ಡೀಸೆಲ್‌ಗಿಂತ ಕಷ್ಟ ಆಯ್ತು.

"ರಾತ್ರಿ ಹೆಣ್ಣುಮಕ್ಕಳು ಪೇಟೆಯಲ್ಲಿ ಯಾಕೆ?" ಅನ್ನುವವರು ಈಗಲೂ ಇದ್ದಾರೆ. ಮಡಿಕೇರಿ ದಸರೆಯ ಕೊನೆಯ ರಾತ್ರಿ ಹತ್ತು ಮಂಟಪಗಳ ಮೆರವಣಿಗೆ ನೋಡಲು ಇದೇ ಹೆಣ್ಣುಮಕ್ಕಳು ಬೆಳಗಿನವರೆಗೆ ಇದೇ ರಸ್ತೆಯಲ್ಲಿ ಇರುತ್ತಾರಲ್ವಾ? ಆವತ್ತು ಬೆಳಕು ಇರುತ್ತದೆ, ಜನ ಇರುತ್ತಾರೆ.

ಇನ್ನೂ ಬಾಕಿ ಇರುವುದು ಬಸ್ ಸ್ಟಾಪುಗಳ ಲೈಟು. ಆಯಾ ಪಂಚಾಯಿತಿಗೆ ಅರ್ಜಿ ಹೋಗಿದೆ. ಸಹಿ ಹೋಟೆಲಿನದ್ದಲ್ಲ, ಆ ದಾರಿಯಲ್ಲಿ ನಡೆಯುವ ಹುಡುಗಿಯರದ್ದು.