12 ಮಕ್ಕಳ ತರಗತಿಯ ಶೇಕಡಾ ಲೆಕ್ಕ

ಬೆಂಗಳೂರಿನ ಸಣ್ಣ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಫಲಿತಾಂಶ ನೋಡುವವರು ಮೊದಲು ತಲೆ ಎಣಿಸಿ. ತರಗತಿಯಲ್ಲಿ 12 ಮಕ್ಕಳಿದ್ದರೆ ಒಂದು ಮಗುವೇ ಶೇ. 8.3. ಇಬ್ಬರು ಪರೀಕ್ಷೆಗೆ ಬರದಿದ್ದರೆ ಸಾಕು, ಶಾಲೆ ಕುಸಿಯಿತು ಅಂತ ಮಾತು ಶುರು.

ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಕೆಲಸ ಮುಗಿದರೆ ಬೇರೆ ಬಡಾವಣೆಗೆ ಹೋಗುತ್ತಾರೆ, ಮಕ್ಕಳೂ ಜೊತೆಗೆ. ಹಾಗಾಗಿ ಜೂನ್‌ನಿಂದ ಇದ್ದವರ ಅಂಕ, ನಡುವೆ ಸೇರಿದವರ ಅಂಕ ಬೇರೆ ಬೇರೆ ಬರೆದು ನೋಡಿ. ಅರ್ಧ ಗೊಂದಲ ಅಲ್ಲೇ ಬಿಡಿಸಿಕೊಳ್ಳುತ್ತದೆ.

ಮನೆಮಾತು ತೆಲುಗೋ ಉರ್ದುವೋ ಆಗಿರುವ ಮಗುವಿಗೆ ಗಣಿತದಲ್ಲಿ ಅಂಕ ಕಡಿಮೆ ಬಂದರೆ ಗಣಿತವೇ ಬರದು ಅಂದುಕೊಳ್ಳಬೇಡಿ. 17ಕ್ಕೆ 8 ಸೇರಿಸು ಅಂದರೆ ಬೆರಳು ಮಡಚಿ 25 ಅನ್ನುತ್ತದೆ. ಅದೇ ಲೆಕ್ಕ ‘ಒಟ್ಟು ಹಣ್ಣುಗಳೆಷ್ಟು?’ ಅಂತ ಅಚ್ಚಾಗಿದ್ದರೆ, ‘ಒಟ್ಟು’ವಿನ ಒತ್ತಕ್ಷರದ ಮೇಲೆ ಬೆರಳಿಟ್ಟು ಅಲ್ಲೇ ನಿಂತುಬಿಡುತ್ತದೆ. ಪ್ರಶ್ನೆ ಓದಿ ಹೇಳಿ, ಮತ್ತೆ ಅಂಕ ಹಾಕಿ. ನಡುವಿನ ಅಂತರ ಓದಿನದು, ಲೆಕ್ಕದ್ದಲ್ಲ.

ಚಿಕ್ಕ ತರಗತಿಗಳ ಮಕ್ಕಳು ಚಟುವಟಿಕೆಗಳ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ನಲಿ-ಕಲಿ ಪದ್ಧತಿಯಲ್ಲಿ, ತಿಂಗಳು ಬಿಟ್ಟು ಬಂದ ಮಗುವನ್ನು ಅದು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಸಬೇಕು. 60 ಮಕ್ಕಳವರೆಗೆ ಶಿಕ್ಷಣ ಹಕ್ಕು ಕಾನೂನು ಕೊಡುವುದು ಇಬ್ಬರು ಶಿಕ್ಷಕರನ್ನು. ಒಬ್ಬರು ತರಬೇತಿಗೆ ಹೋದ ದಿನ ಐದೂ ತರಗತಿ ಒಬ್ಬರ ಮೇಲೆ. ಆ ದಿನಗಳನ್ನೂ ಅಂಕಪಟ್ಟಿಯ ಪಕ್ಕದಲ್ಲೇ ಬರೆದಿಡಿ.