ಉಗುಳಿದವರಿಗೆ ಮಾತ್ರ ಒಳಗೆ ಪ್ರವೇಶ

‘ಕೋವಿಡ್ ಹೊತ್ತಿನಲ್ಲಿ ಅಮೆರಿಕದ ಕಾಲೇಜು ಹುಡುಗರು ಯಾರ ಮಾತೂ ಕೇಳಲಿಲ್ಲವಂತೆ, ಹೌದಾ?’ ಊರಿಗೆ ಹೋದಾಗ ಈಗಲೂ ಯಾರಾದರೂ ಕೇಳುತ್ತಾರೆ. ಟಿವಿಯಲ್ಲಿ ಪಾರ್ಟಿಗಳನ್ನು ನೋಡಿದ ನೆನಪು ಅವರಿಗೆ. ಆಗ ನಾನಿದ್ದದ್ದು ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನಲ್ಲಿ. ಶಿಕಾಗೋದಿಂದ ಎರಡೂವರೆ ಗಂಟೆ ದಾರಿ, ಸುತ್ತ ಬರೀ ಮೆಕ್ಕೆಜೋಳದ ಹೊಲ. ಪಾರ್ಟಿಗಳು ನಡೆದದ್ದು ನಿಜ. ಆದರೆ ವಾರಕ್ಕೆ ಎರಡು ಸಲ ಸಾಲಿನಲ್ಲಿ ನಿಂತು ಟ್ಯೂಬಿಗೆ ಉಗುಳಿದವರೂ ಇದೇ ಹುಡುಗರು.

2020ರ ಆಗಸ್ಟಿನಲ್ಲಿ ತರಗತಿ ಶುರುವಾದಾಗ ವಿಶ್ವವಿದ್ಯಾಲಯ ತನ್ನದೇ ಎಂಜಲು ಪರೀಕ್ಷೆ ತಂದಿತ್ತು. ಮೂಗಿಗೆ ಕಡ್ಡಿ ಹಾಕುವ ರಗಳೆ ಇಲ್ಲ. ಬೆರಳುದ್ದದ ಟ್ಯೂಬ್ ಕೊಡುತ್ತಾರೆ, ಜೊಲ್ಲು ಸುರಿಸಬೇಕು. ನೊರೆ ಲೆಕ್ಕಕ್ಕಿಲ್ಲ. ಅದಕ್ಕೆ ಮುಂಚೆ ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಬಾಯಿ ಒಣಗಿದರೆ ನಾನು ಅಮ್ಮನ ಮಾವಿನಮಿಡಿ ಉಪ್ಪಿನಕಾಯಿ ನೆನೆಸಿಕೊಳ್ಳುತ್ತಿದ್ದೆ. ಪ್ರತಿ ಸಲವೂ ಕೆಲಸ ಮಾಡಿತು! ಟ್ಯೂಬುಗಳು ಹೋಗುತ್ತಿದ್ದದ್ದು ದನ-ಕುದುರೆಗಳ ಕಾಯಿಲೆ ನೋಡುವ ಪಶುವೈದ್ಯ ಲ್ಯಾಬಿಗೆ. ಅಲ್ಲಿ 95 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಪರೀಕ್ಷೆ. ದಿನಕ್ಕೆ 10,000ಕ್ಕೂ ಜಾಸ್ತಿ ಟ್ಯೂಬು.

ಫಲಿತಾಂಶ ಫೋನಿನ ಆಪ್‌ಗೆ ಬರುತ್ತಿತ್ತು. ಕಟ್ಟಡದ ಬಾಗಿಲಲ್ಲಿ ಒಬ್ಬರು ಕೂತಿರುತ್ತಿದ್ದರು, ಅವರಿಗೆ ಆಪ್ ತೋರಿಸಬೇಕು. ಟೆಸ್ಟ್ ಹಳೆಯದಾಗಿದ್ದರೆ ಒಳಗೆ ಬಿಡುತ್ತಿರಲಿಲ್ಲ. ನನ್ನ ಪ್ರಕಾರ ಅರ್ಧ ಶಿಸ್ತು ಬಂದದ್ದು ಅಲ್ಲಿಂದಲೇ. ವೈರಸ್ ಬಗ್ಗೆ ಎಲ್ಲರಿಗೂ ಒಂದೇ ಥರ ಗೊತ್ತಿತ್ತು. ಪೋಸ್ಟರ್ ಓದಿ ಬದಲಾದ ಒಬ್ಬನನ್ನೂ ನಾನು ನೋಡಿಲ್ಲ. ನಮ್ಮ ಕೆಲಸದ ಲ್ಯಾಬಿಗೆ ಹೋಗಬೇಕು, ಬಾಗಿಲು ತೆಗೆಯಬೇಕು, ಸರಿ, ಉಗುಳಿ ಬರೋಣ. ಅಷ್ಟೇ.

ಬಾಗಿಲಲ್ಲಿ ತಡೆಯುವವರಿಲ್ಲದ ಕಡೆ ಏನಾಯಿತು ಅಂತಲೂ ನೋಡಿದೆವು. ಸೋಂಕು ಹೇಗೆ ಹರಡಬಹುದು ಎಂದು ಲೆಕ್ಕ ಹಾಕಿದ್ದವರು ಗೋಲ್ಡನ್‌ಫೆಲ್ಡ್ ಮತ್ತು ಮಾಸ್ಲೊವ್ ಎಂಬ ಇಬ್ಬರು ಭೌತಶಾಸ್ತ್ರಜ್ಞರು. ಹುಡುಗರು ಪಾರ್ಟಿ ಮಾಡುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ಸೇರಿಸಿದ್ದರು. ಪಾಸಿಟಿವ್ ಬಂದಮೇಲೂ ಕೆಲವರು ಪಾರ್ಟಿಗೆ ಹೋಗುತ್ತಾರೆ ಅಂತ ಮಾತ್ರ ಅವರಿಗೆ ಹೊಳೆದಿರಲಿಲ್ಲ. ಪಾಪ, ಯಾರಿಗೆ ತಾನೇ ಹೊಳೆಯುತ್ತದೆ? ಸೆಪ್ಟೆಂಬರ್ ಶುರುವಿನಲ್ಲಿ ಕೇಸುಗಳು ಏರಿದವು. ಕ್ಲಾಸು, ದಿನಸಿ, ಟೆಸ್ಟು ಇಂಥದ್ದಕ್ಕೆ ಬಿಟ್ಟು ಎರಡು ವಾರ ಹೊರಗೆ ಬರಬೇಡಿ ಎಂದರು. ನಿಯಮ ಮುರಿದ ಕೆಲವರನ್ನು ಸಸ್ಪೆಂಡ್ ಮಾಡಿದರು. ಕೇಸು ಇಳಿಯಿತು.

ಆ ಸಸ್ಪೆಂಡ್ ಅನ್ನುವ ಸುದ್ದಿ ನಮ್ಮಂಥವರಿಗೆ ಬೇರೆ ಥರ ತಟ್ಟಿತು. ಅದಕ್ಕೂ ಮುಂಚೆ, ಜುಲೈ 6ರಂದು ಅಮೆರಿಕ ಸರ್ಕಾರ, ಬರೀ ಆನ್‌ಲೈನ್ ಕ್ಲಾಸ್ ಇರುವ ವಿದೇಶಿ ವಿದ್ಯಾರ್ಥಿಗಳು ದೇಶ ಬಿಡಬೇಕು ಎಂದಿತ್ತು. ಹಾರ್ವರ್ಡ್ ಮತ್ತು ಎಂಐಟಿ ಕೋರ್ಟಿಗೆ ಹೋದ ಮೇಲೆ 14ರಂದು ವಾಪಸ್ ತೆಗೆದುಕೊಂಡರು. ಆದರೂ ಆ ಒಂದು ವಾರ ನಾವು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅಮೆರಿಕದ ಹುಡುಗನನ್ನು ಸಸ್ಪೆಂಡ್ ಮಾಡಿದರೆ ಅಪ್ಪ-ಅಮ್ಮನ ಮನೆಗೆ ಹೋಗುತ್ತಾನೆ. ನಮಗಾದರೆ ವೀಸಾಕ್ಕೇ ಕುತ್ತು. ಹಾಗಾಗಿ ಅಲ್ಲಿನ ಭಾರತೀಯ ವಿದ್ಯಾರ್ಥಿಗಳ ಶಿಸ್ತನ್ನು ಯಾರಾದರೂ ಹೊಗಳಿದರೆ ನನಗೆ ಒಳಗೊಳಗೇ ನಗು. ಅದರಲ್ಲಿ ಸಂಸ್ಕಾರ ಎಷ್ಟೋ, ಹೆದರಿಕೆ ಎಷ್ಟೋ!

ಇನ್ನೊಂದು, ರೂಮ್‌ಮೇಟ್‌ಗಳ ಕಣ್ಣು. ನಮ್ಮ ಮನೆಯಲ್ಲಿ ನಾಲ್ವರಿಗೆ ಒಂದೇ ಅಡಿಗೆಮನೆ, ಒಂದೇ ಕುಕ್ಕರ್. ಒಬ್ಬರಿಗೆ ಪಾಸಿಟಿವ್ ಬಂದರೆ ಉಳಿದ ಮೂವರಿಗೂ 14 ದಿನ ಕ್ವಾರಂಟೈನ್. ಹೈದರಾಬಾದಿನವನ ಪಿಎಚ್‌ಡಿ ಪರೀಕ್ಷೆ ಹತ್ತಿರ ಬಂದಿತ್ತು. ಶುಕ್ರವಾರ ಸಂಜೆ ಯಾರಾದರೂ ಶೂ ಹಾಕಿಕೊಂಡರೆ ಸಾಕು, ತರಕಾರಿ ಹೆಚ್ಚುವುದು ಬಿಟ್ಟು ಬಾಗಿಲಿಗೆ ಬರುತ್ತಿದ್ದ: ‘ಎಲ್ಲಿಗೆ? ಎಷ್ಟು ಜನ? ಒಳಗಾ ಹೊರಗಾ?’ ಅವನ ಮುಂದೆ ವಿಶ್ವವಿದ್ಯಾಲಯದ ಇಮೇಲ್ ಏನೂ ಅಲ್ಲ.

2021ರಲ್ಲಿ ಲಸಿಕೆ ಬಂತು. ಎರಡೂ ಡೋಸ್ ಮುಗಿಸಿದವರು ಉಗುಳಲು ಬರಬೇಕಿಲ್ಲ ಎಂದಾಯಿತು. ಅಲ್ಲಿಯವರೆಗೆ ‘ನೋಡೋಣ ಬಿಡು’ ಅನ್ನುತ್ತಿದ್ದ ನನ್ನ ಲ್ಯಾಬಿನ ಹುಡುಗನೊಬ್ಬ ಅದೇ ವಾರ ಹೋಗಿ ಚುಚ್ಚಿಸಿಕೊಂಡು ಬಂದ. ಆಗ ಮೈಸೂರಿನಲ್ಲಿ ನನ್ನ ತಮ್ಮ ಕೋವಿನ್‌ನಲ್ಲಿ ಒಂದು ಸ್ಲಾಟಿಗಾಗಿ ಒದ್ದಾಡುತ್ತಿದ್ದ. ಇವನ ಸುದ್ದಿ ಹೇಳಿದ್ದಕ್ಕೆ, ‘ಅವನ ಡೋಸ್ ನಮಗೆ ಕಳಿಸು ಮಾರಾಯ’ ಎಂದ.